ಗಿಡ್ಡ ಮೆಟ್ಟಿಲು

ಮುತ್ರಾದ ಸೂಕಿನ ಬೆನ್ನಿಗೆ, ಗುಡ್ಡ ಕಚ್ಚಿಕೊಂಡ ಓಣಿಗೆ
ಗಾಡಿ ಬರುವುದಿಲ್ಲ. ಹಾಗಾಗಿ
ರುಸೈಲಿನ ಕಾರ್ಖಾನೆಯ ಪೇವರು
ಎಂಟೆಂಟರಂತೆ ನಮ್ಮ ಹೆಗಲೇರಿ ಬಂದವು.
ಬೂದು ಬಣ್ಣ, ಒಂದರ ಹಾಗೇ ಇನ್ನೊಂದು.
ಇಳಕಲ್ಲಿನ ಕ್ವಾರಿಯಲ್ಲಿ ನಮ್ಮಪ್ಪ
ಒಂದೇ ಬಂಡೆಯ ಎರಡು ಹೋಳಿಗೂ
ಬೇರೆ ಬೇರೆ ಬೈಗುಳ ಇಟ್ಟುಕೊಂಡಿದ್ದ.
ಇವನ್ನು ಬೈಯಲೂ ಬೇಸರ.

ಹದಿನೇಳು ಮೆಟ್ಟಿಲು, ಹಳೆಯ ಕಾಂಕ್ರೀಟು.
ಕಲ್ಲಂಗಡಿ ತಟ್ಟುವ ಹಾಗೆ
ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ ಕೇಳಿದೆ:
ಜೀವ ಇದ್ದಲ್ಲಿ ಠಣ್, ಸತ್ತಲ್ಲಿ ಬೊದ್.
ಕಡಲ ಉಪ್ಪು ಒಳಹೊಕ್ಕು ಸರಳು ಊದಿ
ಅಂಚೆಲ್ಲ ಹಲ್ಲು ಬಿದ್ದ ಬಾಯಿ.
ಸತ್ತದ್ದನ್ನು ಕೆತ್ತಿ ತೆಗೆದೆವು, ನಾನೂ ಗುಲ್‌ಜಮಾನನೂ,
ಬೆಳಿಗ್ಗೆ ಐದರಿಂದ ಬಿಸಿಲು ಓಡಿಸುವ ತನಕ.

ಮೆಟ್ಟಿಲ ಲೆಕ್ಕ ಹೊರಗಿನವರಿಗೆ ತಿಳಿಯದು.
ಎಲ್ಲದರ ಮೇಲೂ ಮೂರು ಬೆರಳು ಪೇವರು ಕೂರಿಸಿ,
ನಡುವಿನವಕ್ಕೆ ಏನೂ ಆಗುವುದಿಲ್ಲ;
ಕೆಳಗಿನದು ಮಾತ್ರ ಮೂರು ಬೆರಳು ಎತ್ತರ,
ಹೊಸ್ತಿಲ ಹತ್ತಿರ ಮೂರು ಬೆರಳು ಕಡಿಮೆ.
ಏರಿಸಿದ ಎತ್ತರ ಎಲ್ಲೂ ಕರಗುವುದಿಲ್ಲ,
ಎರಡು ತುದಿಯಲ್ಲಿ ಬಂದು ಕೂರುತ್ತದೆ
ಸಾಲದವರ ಹಾಗೆ.
ಕೆಳಗೆ ಓಣಿಯ ನೆಲ ಎತ್ತರಿಸಿದೆ,
ಮೇಲೆ ಹೊಸ್ತಿಲ ಬುಡದ ಜಗಲಿಗೂ ಪೇವರು ಹಾಸಿದೆ. ಚುಕ್ತಾ.

ಆದರೆ ಹನ್ನೊಂದನೆಯದು ಮೊದಲಿಂದಲೂ ಗಿಡ್ಡ.
ನೂಲು ಕಟ್ಟಿದಾಗ ಕಂಡಿತು, ಎರಡು ಬೆರಳು ಕೆಳಗೆ.
ಗಾರೆ ತುಂಬಿ ಎತ್ತರಿಸಿದೆ, ಉಳಿದವುಗಳ ಸಮಕ್ಕೆ.
ಫೋರ್‌ಮನ್ ಸಜೀವನ್ ಟೇಪು ಹಿಡಿದು
ಮೊದಲ ಸಲ ನನ್ನನ್ನು ಹೊಗಳಿದ.

ಸಂಜೆ ಝುವೈನಾ ಅಜ್ಜಿ ತಟ್ಟೆ ಹಿಡಿದು ಇಳಿದರು,
ಖರ್ಜೂರ, ಖಾವಾ, ಮೂರು ಪುಟ್ಟ ಕಪ್ಪು.
ಕಣ್ಣು ನಮ್ಮ ಕಡೆ, ಕಾಲು ತನ್ನ ಪಾಡಿಗೆ.
ಹನ್ನೊಂದರ ಹತ್ತಿರ ಕಾಲು
ಇನ್ನೂ ಎರಡು ಬೆರಳು ಆಳ ಇದೆಯೆಂದು ನಂಬಿ ಇಳಿಯಿತು.
ನೆಲ ಬೇಗ ಬಂದುಬಿಟ್ಟಿತು.

ಅಜ್ಜಿಗೆ ಏನೂ ಆಗಲಿಲ್ಲ, ಗುಲ್‌ಜಮಾನ್ ಹಿಡಿದ.
ಕಪ್ಪುಗಳು ಮಾತ್ರ ಓಣಿಯವರೆಗೆ ಎಣಿಸುತ್ತ ಹೋದವು.
ಅಜ್ಜಿ ಅಲ್ಲೇ ಕೂತು, ಮುರುಕು ಹಿಂದಿಯಲ್ಲಿ ಅಂದರು:
ಅವನು ಇದನ್ನು ಹಾಕಿದ ದಿನ ಸಿಮೆಂಟು ಮುಗಿಯಿತು.
ಮರುದಿನ ಮದುವೆ. ಹೋಗಲಿ ಅಂದ.
ಮತ್ತೆ ಮತ್ತೆ ಪೇವರು ಸವರಿದರು.
ಚೆನ್ನಾಗಿದೆ, ಬಹಳ ಚೆನ್ನಾಗಿದೆ, ಅಂದರು.

ಬೇರೆ ಏನನ್ನೂ ಕೇಳಲಿಲ್ಲ.
ಕೇಳಿದ್ದರೆ ಆಗುವುದಿಲ್ಲ ಅನ್ನುತ್ತಿದ್ದೆ,
ಡ್ರಾಯಿಂಗ್ ತೋರಿಸುತ್ತಿದ್ದೆ.

ಶುಕ್ರವಾರ ಕ್ಯಾಂಪಿನಲ್ಲಿ ಎಲ್ಲರೂ ಬಟ್ಟೆ ಒಗೆಯುವಾಗ
ಉಳಿ, ಕರಣೆ ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ.
ಹನ್ನೊಂದರ ಪೇವರು ಎಬ್ಬಿಸಿ
ನಾನೇ ತುಂಬಿದ ಗಾರೆ ನಾನೇ ಕೆತ್ತಿದೆ.
ಎರಡು ಬೆರಳು; ನನ್ನದಲ್ಲ, ಆ ಮದುಮಗನ ಬೆರಳಿನ ಅಂದಾಜು.
ಖಾವಾದ ಕಲೆ ಇದ್ದ ಪೇವರನ್ನು ಮಗುಚಿ ಹಾಕಲು ಹೋಗಿ
ಹಾಗೇ ಕೂರಿಸಿದೆ.
ರಸಮಟ್ಟ ಇಟ್ಟು ನೋಡಿದರೆ
ಗುಳ್ಳೆ ನಡುವೆಯೇ ನಿಂತಿತ್ತು.
ಅದಕ್ಕೆ ಓರೆ ಗೊತ್ತು, ಎತ್ತರ ಗೊತ್ತಿಲ್ಲ.

ಬಾಗಿಲು ತೆರೆಯಲಿಲ್ಲ. ಒಳಗೆ ಯಾರೋ ಕೆಮ್ಮಿದರು.
ಉಳಿದ ಐದು ಪೇವರನ್ನು ರೆಹಾನ್ ಗಿಡದ ಡಬ್ಬಿಯ ಕೆಳಗೆ
ಅದಾಗಲೇ ಯಾರೋ ಇಟ್ಟುಕೊಂಡಿದ್ದರು.

ಸಜೀವನ್ ಸೋಮವಾರ ಮತ್ತೆ ಟೇಪು ಹಿಡಿದ.
ಹನ್ನೊಂದರಲ್ಲಿ ತಡೆದು, ನನ್ನ ಮುಖ ನೋಡಿ,
ಹನ್ನೆರಡಕ್ಕೆ ಹೋದ.

ಈಗ ರೂವಿಯಲ್ಲಿ ಆರು ಮಹಡಿಯ ಕೆಲಸ.
ಎಲ್ಲ ಮೆಟ್ಟಿಲೂ ಅಚ್ಚಿನಲ್ಲಿ ಎರಕ ಹೊಯ್ದವು.
ಇಳಿಯುವಾಗ ಎಲ್ಲೋ ಒಂದು ಕಡೆ
ನನ್ನ ಕಾಲು ಇನ್ನೂ ಸ್ವಲ್ಪ ಕೆಳಗೆ ಹುಡುಕುತ್ತದೆ.
ಬೈಯುತ್ತೇನೆ,
ಅಪ್ಪನ ಬೈಗುಳದಲ್ಲಿ ಒಂದನ್ನು ಆರಿಸಿ.